ಆಡುಕುರಿಗಳ ರೋಗಗಳೂ ಅವುಗಳನ್ನು ಮುಂದಾಗಿ ತಡೆಯುವ ಕ್ರಮವೂ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಸಂಚರಿಸುವವನಿಗೆ ಒಂದು ಸಂಗತಿಯು ಬೇಗನೆ ಕಣ್ಣಿಗೆ ಬೀಳುವದು. ಒಂದು ಗುಂಟೆ ಹೊಲವಿಲ್ಲದವನ ಜಗಲಿಯ ಕಂಬಕ್ಕೂ ಎರಡು ಆಡುಗಳು ಕಟ್ಟಿರುವವು. ಮಗಳ ಮದುವೆಯಾಗಲಿ, ಮಗನ ಶಾಲೆಯ ಖರ್ಚಾಗಲಿ, ಆಸ್ಪತ್ರೆಯ ಖರ್ಚಾಗಲಿ ಬಂದೊದಗಿದಾಗ ಸಾಲ ಕೊಡುವವನ ಬಾಗಿಲಿಗೆ ಹೋಗುವದಕ್ಕೆ ಮುಂಚೆ ಮನೆಯವರ ಕಣ್ಣು ಆ ಕಂಬದ ಕಡೆಗೆ ತಿರುಗುವದು. ಹಣವಂತನಿಗೆ ಬ್ಯಾಂಕು ಹೇಗೋ ಬಡವನಿಗೆ ಆಡು ಹಾಗೆ. ಆದರೆ ಬ್ಯಾಂಕಿನಲ್ಲಿಟ್ಟ ಹಣವು ಒಂದೇ ವಾರದಲ್ಲಿ ಮೂಗು ಸೋರಿ ಭೇದಿಯಾಗಿ ಸಾಯುವದಿಲ್ಲ, ಆಡು ಸಾಯುವದು. ಆದಕಾರಣ ಈ ಪಾಠದಲ್ಲಿ ಆಡುಕುರಿಗಳಿಗೆ ಬರುವ ರೋಗಗಳಲ್ಲಿ ಮುಖ್ಯವಾದವುಗಳನ್ನೂ, ಅವು ಬಾರದಂತೆ ನಾವು ಮಾಡತಕ್ಕದ್ದನ್ನೂ ವಿವರಿಸುವೆನು.

ನಮ್ಮ ಸೀಮೆಗೆ ಕುರಿಯು ಹೊಸದಲ್ಲ. 19ನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ಇಲಾಖೆಯ ನೆಲೆಯಾಗಿದ್ದ ಕಾಲದಲ್ಲಿ ಅಲ್ಲಿ ಚರ್ಮ ಹದಮಾಡುವ ಕಾರ್ಖಾನೆಯೂ ಕಂಬಳಿ ನೇಯುವ ಕಾರ್ಖಾನೆಯೂ ಇದ್ದವು. ಕುರಿಯ ವಿಷಯವಾದ ತಿಳುವಳಿಕೆಯು ನಮ್ಮ ಹಿರಿಯರಲ್ಲಿ ಬೇಕಾದಷ್ಟಿತ್ತು. ಮೇವು ಎಲ್ಲಿ, ನೀರು ಎಲ್ಲಿ, ಯಾವ ಟಗರಿನ ತಳಿ ಒಳ್ಳೇದು ಎಂಬದನ್ನು ಅವರಿಂದಲೇ ಕಲಿಯಬೇಕು. ಆದರೆ ರೋಗದ ಬೀಜವು ಕಣ್ಣಿಗೆ ಕಾಣದ್ದಾಗಿರುವದರಿಂದ ಆ ಒಂದು ವಿಷಯದಲ್ಲಿ ಅವರ ಅನುಭವವು ಸಾಲದೆ ಹೋಯಿತು.

ಮೊದಲು ನನ್ನ ತಪ್ಪನ್ನೇ ಹೇಳುವೆನು. ಕೆಲವು ವರುಷಗಳ ಹಿಂದೆ ಚಳಿಗಾಲದಲ್ಲಿ ನಾನು ಒಂದು ಸಂತೆಯಿಂದ ಹೆಣ್ಣಾಡೊಂದನ್ನು ಕೊಂಡು ತಂದೆನು. ಬೆಲೆ ಕಡಿಮೆಯಾಗಿತ್ತು. ಮೂಗಿನಲ್ಲಿ ಸ್ವಲ್ಪ ಸೋರಿಕೆ ಇತ್ತು. ಚಳಿಯಿಂದಾದದ್ದು ಎಂದು ಮಾರಿದವನು ಅಂದನು, ನಾನೂ ನಂಬಿದೆನು, ಯಾಕಂದರೆ ಕಡಿಮೆ ಬೆಲೆಯು ಮನುಷ್ಯನನ್ನು ಸುಲಭವಾಗಿ ನಂಬಿಸುವದು. ಅದೇ ಸಾಯಂಕಾಲ ಮನೆಯ ಆರು ಆಡುಗಳ ಜೊತೆಯಲ್ಲಿ ಅದನ್ನು ಕಟ್ಟಿದೆನು. ಐದನೆಯ ದಿನ ಹೊಸ ಆಡು ಮೇವು ಬಿಟ್ಟಿತು. ಕಣ್ಣುಗಳಲ್ಲಿ ಪಿಸರು ಕಟ್ಟಿತು. ಬಾಯಿ ತೆರೆದು ನೋಡಿದರೆ ಒಸಡಿನ ಮೇಲೆ ಹೊಟ್ಟು ಅಂಟಿಸಿದಂತೆ ಬಿಳುಪಾದ ಹುಣ್ಣು, ಸಹಿಸಲಾಗದ ದುರ್ವಾಸನೆ. ಅನಂತರ ಭೇದಿ, ಕೆಮ್ಮು, ಏದುಸಿರು. ಹದಿನೈದು ದಿನಗಳೊಳಗೆ ನನ್ನ ಏಳರಲ್ಲಿ ಐದು ಸತ್ತವು. ಇದಲ್ಲದೆ ನಮ್ಮ ನೆರೆಮನೆಯ ವಿಧವೆಯ ಮೂರು ಆಡುಗಳು ನಮ್ಮ ಕಲ್ಲುಬಾನಿಯಲ್ಲಿಯೇ ನೀರು ಕುಡಿಯುತ್ತಿದ್ದವು. ಅವು ಮೂರೂ ಸತ್ತವು. ನನ್ನ ಆಡುಗಳು ನನ್ನ ಅಜಾಗ್ರತೆಯಿಂದ ಸತ್ತವು. ಆಕೆಯ ಆಡುಗಳೂ ನನ್ನ ಅಜಾಗ್ರತೆಯಿಂದಲೇ ಸತ್ತವು. ಆಕೆ ನನಗೆ ಒಂದು ಮಾತೂ ಅನ್ನಲಿಲ್ಲ. ಮುಂದಿನ ಆಷಾಢದಲ್ಲಿ ಆಕೆಯ ಮಗನು ಶಾಲೆ ಬಿಟ್ಟು ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋಗುವದನ್ನು ನಾನು ಕಂಡೆನು.

ಆ ರೋಗಕ್ಕೆ ಪಶುವೈದ್ಯರು ಪಿಪಿಆರ್ ಎಂದು ಹೆಸರಿಟ್ಟಿದ್ದಾರೆ. ಹಿರೇಬೇನೆ ಎಂತಲೂ ಆಡಿನ ಪ್ಲೇಗು ಎಂತಲೂ ಕರೆಯುವರು. 1942ರಲ್ಲಿ ಆಫ್ರಿಕಾ ಖಂಡದ ಪಶ್ಚಿಮದಲ್ಲಿರುವ ಐವರಿ ಕೋಸ್ಟ್ ದೇಶದಿಂದ ಇದರ ಮೊದಲನೆಯ ವರ್ಣನೆ ಬಂತು. ನಮ್ಮ ದೇಶದಲ್ಲಿ ಇದನ್ನು ಗುರುತಿಸಿದ್ದು 1987ರಲ್ಲಿ, ಇಂದಿನ ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯ ಅರಸೂರು ಎಂಬ ಹಳ್ಳಿಯಲ್ಲಿ. ಇದು ದನಗಳ ದೊಡ್ಡರೋಗಕ್ಕೆ ದಾಯಾದಿಯಾದ ವಿಷಾಣುವಿನಿಂದ ಬರುವದು. ಆ ವಿಷಾಣುವು ಪಶುವಿನ ಮೈಯಿಂದ ಹೊರಗೆ ಬಿದ್ದರೆ ಬಿಸಿಲಿನಲ್ಲಿ ಹೆಚ್ಚು ಕಾಲ ಬದುಕದು. ಉಸಿರಿನಿಂದ, ಸೀನಿನಿಂದ, ಮೂಗಿನ ಸೋರಿಕೆಯಿಂದ, ಒಂದೇ ಬಾನಿಯ ನೀರಿನಿಂದ ಒಂದು ಆಡಿನಿಂದ ಇನ್ನೊಂದಕ್ಕೆ ದಾಟುವದು. ಒಳಗೆ ಹೊಕ್ಕ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನಗಳ ತನಕ ಹೊರಗೆ ಏನೂ ತೋರುವದಿಲ್ಲ. ವಿಷಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ವೈದ್ಯರು ಕೊಡುವ ಚುಚ್ಚುಮದ್ದು ಆ ಮೇಲೆ ಬರುವ ಶ್ವಾಸಕೋಶದ ಸೋಂಕನ್ನು ತಡೆಯುವದಕ್ಕೆ ಮಾತ್ರ.

ಔಷಧಿಯಿಲ್ಲವೆಂದು ಎದೆಗುಂದಬೇಕಾದದ್ದಿಲ್ಲ, ಯಾಕಂದರೆ ಲಸಿಕೆ ಇದೆ. ಹಿಮಾಚಲ ಪ್ರದೇಶದ ಸುಂಗ್ರಿ ಎಂಬಲ್ಲಿಯ ಆಡಿನಿಂದ ತೆಗೆದ ವಿಷಾಣುವನ್ನು ನಮ್ಮ ದೇಶದ ಪಂಡಿತರೇ ಸಾಧುಪಡಿಸಿ ಈ ಲಸಿಕೆಯನ್ನು ಮಾಡಿದರು. ಮೂರು ನಾಲ್ಕು ತಿಂಗಳು ದಾಟಿದ ಮರಿಗೆ ಚರ್ಮದ ಕೆಳಗೆ ಒಂದು ಮಿಲಿಲೀಟರ್ ಹಾಕಿಸಿದರೆ ಕನಿಷ್ಠ ಮೂರು ವರುಷ ರಕ್ಷಣೆ ಇರುವದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಇದು ತಯಾರಾಗುತ್ತದೆ. ಆ ಸಂಸ್ಥೆಯು ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ದೊಡ್ಡರೋಗಕ್ಕೆ ಸೀರಂ ತಯಾರಿಸುವದಕ್ಕಾಗಿ ಹುಟ್ಟಿದ್ದು. ಇಲ್ಲಿ ಒಂದು ಸೋಜಿಗವನ್ನು ಹೇಳದೆ ಇರಲಾರೆನು. 1920ರ ದಶಕದ ಕೊನೆಯಲ್ಲಿ ಹಿಮಾಲಯದ ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ಸ್ ಎಂಬ ಪಂಡಿತನು ದೊಡ್ಡರೋಗದ ವಿಷಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಹೋಗಿ ಅದರ ಉಗ್ರತೆಯನ್ನು ಇಳಿಸಿ ದನಗಳಿಗೆ ಲಸಿಕೆಯನ್ನು ಮಾಡಿದನು. ಹೀಗೆ ದನಗಳು ಉಳಿದದ್ದು ಆಡುಗಳ ಉಪಕಾರದಿಂದ. ಆ ಲಸಿಕೆಯೂ ಅದರ ನಂತರ ಬಂದ ಉತ್ತಮ ಲಸಿಕೆಗಳೂ ಊರೂರಿಗೆ ತಲಪಿದ್ದರಿಂದ ದೊಡ್ಡರೋಗವು 2011ರಲ್ಲಿ ಭೂಮಿಯ ಮೇಲಿನಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ನಮ್ಮ ಅಜ್ಜಂದಿರು ಹೆಸರು ಹೇಳುವದಕ್ಕೆ ಅಂಜುತ್ತಿದ್ದ ರೋಗವನ್ನು ಇಂದಿನ ಹುಡುಗರು ಕಂಡೇ ಇಲ್ಲ. ಆಡಿನ ಪ್ಲೇಗನ್ನೂ 2030ರೊಳಗೆ ಅದೇ ದಾರಿಗೆ ಕಳುಹಿಸಬೇಕೆಂದು ಲೋಕದ ರಾಷ್ಟ್ರಗಳು 2015ರಲ್ಲಿ ಸಂಕಲ್ಪ ಮಾಡಿಕೊಂಡವು.

ಲಸಿಕೆಯ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ಅಪವಾದವಿದೆ. “ಚುಚ್ಚಿಸಿದ ಮೇಲೆಯೇ ನನ್ನ ಆಡು ಸತ್ತಿತು” ಎಂದು ಹೇಳುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರು ಸುಳ್ಳು ಹೇಳುತ್ತಾರೆಂದು ನಾನು ಅನ್ನುವದಿಲ್ಲ. ಆದರೆ ವಿಚಾರಿಸಿ ನೋಡಿರಿ: ಪಕ್ಕದ ಮನೆಯಲ್ಲಿ ಆಡು ಸತ್ತ ಸುದ್ದಿ ಕೇಳಿ ಓಡಿಹೋಗಿ ವೈದ್ಯರನ್ನು ಕರೆದವರೇ ಅವರಲ್ಲಿ ಹೆಚ್ಚು ಮಂದಿ. ಅಷ್ಟರಲ್ಲಿ ರೋಗವು ಆಡಿನ ಒಳಗೆ ಹೊಕ್ಕಿತ್ತು, ಹೊರಗೆ ತೋರಿರಲಿಲ್ಲ. ಲಸಿಕೆಯು ಮೈಯಲ್ಲಿ ಬಲವನ್ನು ಹುಟ್ಟಿಸುವದಕ್ಕೆ ಸುಮಾರು ಎರಡು ವಾರ ಬೇಕು. ರೋಗವು ಒಂದೇ ವಾರದಲ್ಲಿ ಕೊಲ್ಲುವದು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವನು ಬಾವಿಯನ್ನು ಬೈದ ಹಾಗೆ ಇದು. ಲಸಿಕೆಯು ಆರೋಗ್ಯವಾದ ಪಶುವಿಗೆ, ರೋಗವು ಊರಿನ ಹತ್ತಿರ ಬಾರದ ಕಾಲದಲ್ಲಿ ಹಾಕಿಸತಕ್ಕದ್ದು. ಅದನ್ನು ಮಂಜುಗಡ್ಡೆಯಲ್ಲಿಟ್ಟು ತರುವದೂ ಅವಶ್ಯ. ಬಿಸಿಲಿನಲ್ಲಿ ಕಾಯ್ದ ಸೀಸೆಯಲ್ಲಿ ಬಲವಿರುವದಿಲ್ಲ. ಆದದರಿಂದ ವೈದ್ಯರು ಬೆಳಿಗ್ಗೆ ಬರುವೆನೆಂದರೆ ಆಡುಗಳನ್ನು ಮೇಯಲು ಬಿಡದೆ ಕಟ್ಟಿಕೊಂಡಿರ್ರಿ. ಅವರನ್ನು ಮಧ್ಯಾಹ್ನದ ವರೆಗೆ ಕಾಯಿಸುವದು ಅವರಿಗೆ ಮಾತ್ರವಲ್ಲ ಸೀಸೆಗೂ ಕೇಡು.

ಇನ್ನೊಂದು ಮಾತು. ನಮ್ಮ ಕೇರಿಯಲ್ಲಿ ಹಾಕಿಸಿ ಮೇಲಿನ ಕೇರಿಯಲ್ಲಿ ಬಿಟ್ಟರೆ ಪೂರಾ ಪ್ರಯೋಜನವಿಲ್ಲ. ಮನುಷ್ಯರು ಕೇರಿಗಳನ್ನು ಬೇರೆ ಬೇರೆ ಮಾಡಿಕೊಂಡಿದ್ದಾರೆ. ಆಡುಗಳು ಅದನ್ನು ಒಪ್ಪಿಕೊಂಡಿಲ್ಲ. ಒಂದೇ ಗೋಮಾಳ, ಒಂದೇ ಕೆರೆಯಂಗಳ. ಆದಕಾರಣ ಊರಿನ ಎಲ್ಲಾ ಮನೆಗಳವರೂ ಕೂಡಿ ಒಂದೇ ದಿನ ಗೊತ್ತುಮಾಡಿ ಪಂಚಾಯತಿಯ ಮೂಲಕ ಪಶು ಆಸ್ಪತ್ರೆಗೆ ಬರೆಯಿಸುವದು ಲೇಸು. ನಮ್ಮನ್ನು ಕೂಡಿಸಿಕೊಳ್ಳಲಿಕ್ಕಿಲ್ಲವೆಂದು ಹಿಂಜರಿಯುವವರಿಗೆ ನಾನು ಹೇಳುವದು: ಕೇಳುವ ಕೆಲಸವನ್ನು ನೀವೇ ಮೊದಲು ಮಾಡಿರಿ. ಆಡಿನ ವಿಷಯದಲ್ಲಿ ಊರು ಬೇಗ ಒಂದಾಗುವದನ್ನು ನಾನು ಎರಡು ಸಾರಿ ನೋಡಿದ್ದೇನೆ.

ಹೊಸದಾಗಿ ತಂದ ಪಶುವನ್ನು 21 ದಿನ ಬೇರೆಯಾಗಿಯೇ ಕಟ್ಟತಕ್ಕದ್ದು. ಬೇರೆ ಎಂದರೆ ಕೊಟ್ಟಿಗೆಯ ಇನ್ನೊಂದು ಮೂಲೆಯಲ್ಲ. ಉಸಿರು ತಾಗದಷ್ಟು ದೂರ, ಬೇರೆ ಬಾನಿ, ಬೇರೆ ಮೇವು. ಮನೆಯ ಹಿಂಡಿಗೆ ಮೊದಲು ಮೇವು ಹಾಕಿ ಕಡೆಯಲ್ಲಿ ಹೊಸದಕ್ಕೆ ಹಾಕಬೇಕು. ಸಂತೆಗೆ ಹೊಡೆದುಕೊಂಡು ಹೋಗಿ ಬೆಲೆ ಕುದುರದೆ ಹಿಂದಕ್ಕೆ ತಂದ ಆಡಿಗೂ ಈ ನಿಯಮವೇ. ಜನವರಿಯಲ್ಲಿ ಚುಂಚನಕಟ್ಟೆಯ ಜಾತ್ರೆಯಂಥ ಕೂಟಗಳಲ್ಲಿ ಹತ್ತಾರು ತಾಲೂಕುಗಳ ದನಕರುಗಳು ಒಂದೇ ಬಯಲಿನಲ್ಲಿ ನಿಲ್ಲುವವು. ಅಲ್ಲಿಂದ ಬರುವವನ ಕಾಲಿನ ಕೆರಕ್ಕೆ ಹತ್ತಿದ ಗಂಜಲ ಸೆಗಣಿಯೂ ಕಾಲುಬಾಯಿ ಜ್ವರವನ್ನು ಹೊತ್ತು ತರಬಲ್ಲದು. ಬೇಸಗೆಯಲ್ಲಿ ದೂರದ ಬಯಲುಸೀಮೆಯಿಂದ ಬರುವ ಕುರಿಗಾರರ ಮಂದೆಗಳನ್ನು ಗೊಬ್ಬರಕ್ಕಾಗಿ ಹೊಲದಲ್ಲಿ ತಂಗಿಸಿಕೊಳ್ಳುವ ಪದ್ಧತಿ ಒಳ್ಳೇದೇ, ಹೊಲಕ್ಕೆ ಅದಕ್ಕಿಂತ ಉತ್ತಮವಾದ ಗೊಬ್ಬರವಿಲ್ಲ. ಆದರೆ ಆ ಮಂದೆಗೆ ಲಸಿಕೆಯಾಗಿದೆಯೋ ಎಂದು ಮರ್ಯಾದೆಯಿಂದ ಕೇಳಿರಿ. ಆ ದಿನಗಳಲ್ಲಿ ನಿಮ್ಮ ಆಡುಗಳನ್ನು ಆ ಹೊಲಕ್ಕೆ ಬಿಡಬೇಡಿರಿ.

ಎರಡನೆಯದು ಕರುಳುಬೇನೆ. ಇದರ ನಡತೆಯೇ ಬೇರೆ. ಇದು ಸಂತೆಯಿಂದ ಬರುವದಿಲ್ಲ. ಇದರ ಬೀಜವು ಆರೋಗ್ಯವಾದ ಕುರಿಯ ಕರುಳಿನಲ್ಲಿಯೇ ಸ್ವಲ್ಪವಾಗಿ ವಾಸಿಸುವದು. ಕುರಿಯು ಒಮ್ಮೆಗೇ ರುಚಿಯಾದ ಮೇವನ್ನು ಮಿತಿಮೀರಿ ತಿಂದಾಗ ಅದು ಗಳಿಗೆಗಳಲ್ಲಿ ವೃದ್ಧಿಯಾಗಿ ವಿಷವನ್ನು ಕಾರುವದು. ಹೀಗಿರಲಾಗಿ ಇದು ಬಡಕಲು ಕುರಿಯನ್ನು ಬಿಟ್ಟು ಹಿಂಡಿನಲ್ಲಿ ಎಲ್ಲಕ್ಕಿಂತ ಕೊಬ್ಬಿದ ಮರಿಯನ್ನು ಹಿಡಿಯುವದು. ರಾತ್ರಿ ಚೆನ್ನಾಗಿದ್ದ ಮರಿಯು ಬೆಳಿಗ್ಗೆ ಕುತ್ತಿಗೆಯನ್ನು ಹಿಂದಕ್ಕೆ ಸೆಟೆದು ಸತ್ತು ಬಿದ್ದಿರುವದು. ಕಣ್ಣುಬಿದ್ದಿತೆಂದೂ ಮಾಟವೆಂದೂ ಜನರು ಹೇಳುವ ಮರಣಗಳಲ್ಲಿ ಅನೇಕವು ಇದೇ. ನೆರೆಯವಳ ಕಣ್ಣನ್ನು ದೂರಿ ಎರಡು ಮನೆಗಳು ವರುಷಗಟ್ಟಲೆ ಮಾತು ಬಿಟ್ಟದ್ದುಂಟು. ತಪ್ಪು ಕಣ್ಣಿನದಲ್ಲ, ಎಳೆ ಹುಲ್ಲಿನದು.

ನಮ್ಮಲ್ಲಿ ಇದರ ಕಾಲ ಗೊತ್ತಾದದ್ದೇ. ಭರಣಿ, ಕೃತ್ತಿಕೆಯ ಮಳೆ ಬಿದ್ದು ಬರಿಯ ನೆಲದಲ್ಲಿ ಹಸುರು ಚಿಗುರುವಾಗ ಒಂದು ಸಾರಿ. ಹುಣಸೂರು, ಪಿರಿಯಾಪಟ್ಟಣದ ಕಡೆಗಳಲ್ಲಿ ಮುಸುಕಿನ ಜೋಳವನ್ನು ಮುರಿದ ಮೇಲೆ ಹೊಲದಲ್ಲಿ ತೆನೆಗಳು ಉದುರಿರುವಾಗ ಇನ್ನೊಂದು ಸಾರಿ. ಏಪ್ರಿಲ್ ಮೇ ತಿಂಗಳುಗಳಲ್ಲಿ, ಹಸುರು ಏಳುವದಕ್ಕೆ ಮುಂಚೆ, ಇದರ ಲಸಿಕೆಯನ್ನು ವರುಷಕ್ಕೊಮ್ಮೆ ಹಾಕಿಸಬೇಕು. ಮೊದಲನೆಯ ಸಾರಿ ಹಾಕಿಸುವ ಮರಿಗೆ ಎರಡು ಮೂರು ವಾರಗಳಾದ ಮೇಲೆ ಇನ್ನೊಮ್ಮೆ ಹಾಕಿಸಬೇಕು. ಇದರ ಜೊತೆಗೆ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಎಳೆ ಹುಲ್ಲಿಗೆ ಬಿಡದೆ ಸ್ವಲ್ಪ ರಾಗಿ ಹುಲ್ಲನ್ನೋ ಹುರುಳಿ ಹೊಟ್ಟನ್ನೋ ತಿನ್ನಿಸಿ ಬಿಡಬೇಕು. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಕೊಳಗಗಟ್ಟಲೆ ಆಡುಗಳ ಮುಂದೆ ಸುರಿಯುವದು ನಮ್ಮಲ್ಲಿ ಧರ್ಮವೆಂದು ಎಣಿಸಲ್ಪಟ್ಟಿದೆ. ಆ ಅನ್ನವು ಆಡಿನ ಹೊಟ್ಟೆಯಲ್ಲಿ ಹುಳಿಯಾಗಿ ಅದನ್ನು ಕೊಲ್ಲಬಲ್ಲದು. ಒಂದು ಹಿಡಿ ಸಾಕು. ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿರಿ.

ಮಳೆಗಾಲಕ್ಕೆ ಮುಂಚೆ ಗಳಲೆರೋಗಕ್ಕೂ, ಚಳಿಗಾಲಕ್ಕೆ ಮುಂಚೆ ಕುರಿಸಿಡುಬಿಗೂ ಲಸಿಕೆಗಳುಂಟು; ಯಾವ ಊರಿಗೆ ಯಾವದು ಅವಶ್ಯವೆಂದು ವೈದ್ಯರೇ ಹೇಳುವರು. ಸಿಡುಬಿನ ವಿಷಯದಲ್ಲಿ ಒಂದನ್ನು ನೆನಪಿಡತಕ್ಕದ್ದು: ಅದರ ಒಣಗಿದ ಹಕ್ಕಳೆಗಳಲ್ಲಿ ವಿಷಾಣುವು ನೆರಳಿರುವ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬದುಕುವದು. ರೋಗ ಬಂದು ಹೋದ ರೊಪ್ಪದ ಮೇಲ್ಮಣ್ಣನ್ನು ಕೆರೆದು ಸುಟ್ಟು ಬಿಸಿಲಿಗೆ ಬಿಡದೆ ಹೊಸ ಕುರಿಯನ್ನು ಒಳಗೆ ತರಕೂಡದು.

ಇನ್ನು ಹುಳುಗಳ ವಿಷಯಕ್ಕೆ ಬರುತ್ತೇನೆ. ಸಾಂಕ್ರಾಮಿಕವು ಒಂದು ವಾರದಲ್ಲಿ ಕೊಳ್ಳೆಹೊಡೆದರೆ ಹುಳುವು ವರುಷವೆಲ್ಲಾ ಬಡ್ಡಿ ವಸೂಲುಮಾಡುವದು. ಜಠರದಲ್ಲಿರುವ ಒಂದು ಜಾತಿಯ ಹುಳುವು ಸೂಜಿಯಷ್ಟೇ ದಪ್ಪವಾಗಿ, ಅರ್ಧ ಅಂಗುಲದಿಂದ ಒಂದು ಅಂಗುಲದಷ್ಟು ಉದ್ದವಾಗಿ, ಕೆಂಪು ಬಿಳಿ ದಾರವನ್ನು ಹೊಸೆದಂತೆ ಕಾಣುವದು. ಅದು ರಕ್ತವನ್ನು ಕುಡಿದು ಬದುಕುವದು. ಒಂದು ಹುಳುವಿನಿಂದ ದಿನಕ್ಕೆ ಒಂದು ಹನಿಯಷ್ಟು ನಷ್ಟವಾದರೆ 1,000 ಹುಳುಗಳಿಂದ ಸುಮಾರು 50 ಮಿಲಿಲೀಟರ್ ನಷ್ಟವಾಗುವದು. 20 ಕಿಲೋ ತೂಕದ ಕುರಿಯಲ್ಲಿರುವ ರಕ್ತವೆಲ್ಲಾ ಸೇರಿ ಒಂದೂಕಾಲು ಲೀಟರಿನಷ್ಟು ಮಾತ್ರ. ಹೆಣ್ಣು ಹುಳುವು ದಿನವೊಂದಕ್ಕೆ 5,000ದಿಂದ 10,000 ಮೊಟ್ಟೆಗಳನ್ನಿಡುವದು. ಅವು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಮರಿಯಾಗಿ, ಇಬ್ಬನಿಯಲ್ಲಿ ಹುಲ್ಲಿನ ಎಸಳನ್ನು ಹತ್ತಿ ಕಾದಿರುವವು. ಆದದರಿಂದ ಮಳೆಗಾಲದಲ್ಲಿ ಇಬ್ಬನಿ ಆರುವ ತನಕ ಹಿಂಡನ್ನು ಹೊರಡಿಸಕೂಡದು. ನೆಲಕ್ಕೆ ಹತ್ತಿದ ಹುಲ್ಲನ್ನು ಬೇರು ಸಹಿತ ಕಚ್ಚುವ ಕುರಿಗೆ ಹುಳು ಹೆಚ್ಚು. ಎತ್ತರದ ಸೊಪ್ಪನ್ನು ತಿನ್ನುವ ಆಡಿಗೆ ಕಡಿಮೆ. ಆದರೆ ಆಡನ್ನೂ ಗೂಟಕ್ಕೆ ಕಟ್ಟಿ ಒಂದೇ ತುಂಡು ನೆಲದಲ್ಲಿ ಮೇಯಿಸಿದರೆ ಅದರ ಭಾಗ್ಯವೂ ಕುರಿಯ ಭಾಗ್ಯವೇ.

ಹುಳುವನ್ನು ತಿಳಿಯುವದಕ್ಕೆ ಯಂತ್ರ ಬೇಡ. ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಎಳೆದು ನೋಡಿರಿ. ಒಳಗೆ ಕೆಂಪಾಗಿದ್ದರೆ ಒಳ್ಳೇದು, ತೆಳುಗುಲಾಬಿಯಾದರೆ ಎಚ್ಚರಿಕೆ, ಸುಣ್ಣದ ಗೋಡೆಯಂತೆ ಬಿಳುಪಾಗಿದ್ದರೆ ಅದೇ ದಿನ ಔಷಧಿ ಬೇಕು. ದಕ್ಷಿಣ ಆಫ್ರಿಕಾದ ಪಶುಪಂಡಿತರು ಇದಕ್ಕೆ ಬಣ್ಣದ ಪಟವನ್ನೇ ಮಾಡಿ ರೈತರಿಗೆ ಹಂಚಿದರು. ಎಲ್ಲಾ ಆಡುಗಳಿಗೂ ತಿಂಗಳಿಗೊಮ್ಮೆ ಒಂದೇ ಔಷಧಿಯನ್ನು ಕುಡಿಸುವದು ಬುದ್ಧಿಯಲ್ಲ, ಯಾಕಂದರೆ ಹುಳುಗಳು ಆ ಔಷಧಿಗೆ ಒಗ್ಗಿಹೋಗುವವು. ಅದಕ್ಕಿಂತಲೂ ದೊಡ್ಡ ತಪ್ಪು ಒಂದು ಆಡಿನ ಔಷಧಿಯನ್ನು ಮೂರು ಆಡುಗಳಿಗೆ ಹಂಚುವದು. ಇದರಿಂದ ಬಲಹೀನವಾದ ಹುಳು ಸತ್ತು ಬಲಿಷ್ಠವಾದದ್ದು ಉಳಿದು ಸಂತಾನವನ್ನು ಬೆಳಸುವದು. ಅಲ್ಲದೆ ಹೊಸದಾಗಿ ಗಬ್ಬವಾದ ಆಡಿಗೆ ಅಲ್ಬೆಂಡಜೋಲ್ ಎಂಬ ಔಷಧಿಯನ್ನು ಕೊಡಕೂಡದು. ಅದು ಗರ್ಭಕ್ಕೆ ಕೇಡು.

ಕೃಷ್ಣರಾಜನಗರದ ಕಡೆಯವರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದುಂಟು. ಚಾಮರಾಜ ನಾಲೆಯೂ ಅದರ ಕಾಲುವೆಗಳೂ ಆ ಸೀಮೆಗೆ ಭತ್ತವನ್ನು ಕೊಟ್ಟವು. ಭತ್ತದ ಗದ್ದೆಯೊಡನೆ ಬಸವನಹುಳುವೂ ಬಂತು. ಕಾರಲದ ಹುಳು, ಅಂದರೆ ಪಿತ್ತಕೋಶದ ಹತ್ತಿರ ಎಲೆಯ ಆಕಾರದಲ್ಲಿ ಕಾಣುವ ಚಪ್ಪಟೆ ಹುಳುವು, ತನ್ನ ಬಾಲ್ಯವನ್ನು ನೀರಿನ ಚಿಕ್ಕ ಬಸವನಹುಳುವಿನೊಳಗೆ ಕಳೆಯುವದು. ಅನಂತರ ಹೊರಟುಬಂದು ನೀರಂಚಿನ ಹುಲ್ಲಿಗೂ ಭತ್ತದ ಹುಲ್ಲಿನ ಬುಡಕ್ಕೂ ಅಂಟಿಕೊಳ್ಳುವದು. ಅದನ್ನು ತಿಂದ ಕುರಿಯು ಎರಡು ಮೂರು ತಿಂಗಳುಗಳಲ್ಲಿ ಸೊರಗುವದು. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ ಬರುವದು. ಸಾಮಾನ್ಯ ಜಂತುವಿನ ಔಷಧಿಗಳಲ್ಲಿ ಹೆಚ್ಚಿನವು ಇದನ್ನು ಕೊಲ್ಲಲಾರವು, ಆದದರಿಂದ ಅಂಗಡಿಯವನನ್ನು ಕೇಳಿ ಕೊಂಡ ಸೀಸೆಯಿಂದ ಫಲ ಕಾಣಲಿಲ್ಲವೆಂದು ಬೇಸರಪಡುವದಕ್ಕಿಂತ ಹಿಕ್ಕೆಯನ್ನು ಎಲೆಯಲ್ಲಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸುವದು ಮೇಲು. ನಾಲೆಯ ಏರಿಯ ಕೆಳಗೆ ಜವುಗಿರುವಲ್ಲಿ ಮೇಯಿಸಬೇಡಿರಿ. ಹೊಸ ಭತ್ತದ ಹುಲ್ಲನ್ನು ಚೆನ್ನಾಗಿ ಒಣಗಿಸಿ ಮೆದೆಯಲ್ಲಿ ಕೆಲವು ತಿಂಗಳು ಇಟ್ಟ ಮೇಲೆ ಹಾಕಿರಿ.

ಹೆಗ್ಗಡದೇವನಕೋಟೆಯವರಿಗೂ ಸರಗೂರಿನವರಿಗೂ ನೀರಿಗಿಂತ ಕಾಡಿನ ಭಯ ಹೆಚ್ಚು. ಅಲ್ಲಿಯ ಕಾಡಂಚಿನಲ್ಲೆಲ್ಲಾ ಲಂಟಾನದ ಪೊದೆಗಳು ಹಬ್ಬಿವೆ. ಹೊಟ್ಟೆ ತುಂಬಿದ ಆಡು ಅದನ್ನು ಮುಟ್ಟುವದಿಲ್ಲ. ಬರಗಾಲದಲ್ಲಿ, ಅಥವಾ ಬೇರೆ ಊರಿನಿಂದ ಹೊಸದಾಗಿ ಬಂದಾಗ ತಿಂದುಬಿಡುವದು. ಆಗ ಹಿಕ್ಕೆ ಕಟ್ಟಿ, ಕಣ್ಣು ಹಳದಿಯಾಗಿ, ಬಿಸಿಲು ಬಿದ್ದ ಕಡೆ ಕಿವಿಯ ಮತ್ತು ಮೂತಿಯ ಚರ್ಮ ಸುಲಿಯುವದು. ಕೂಡಲೆ ಕತ್ತಲೆಯ ಕೊಟ್ಟಿಗೆಯಲ್ಲಿ ಕಟ್ಟಿ ವೈದ್ಯರನ್ನು ಕರೆಯಬೇಕು. ಮಳೆ ಹಿಂಜರಿದು ಬಾಡಿದ ಎಳೆ ಜೋಳದ ಪೈರೂ ಇದೇ ರೀತಿ ವಿಷ, ಅದು ಗಳಿಗೆಯಲ್ಲಿಯೇ ಕೊಲ್ಲುವದು. ಹೊಗೆಸೊಪ್ಪಿಗೂ ಹತ್ತಿಗೂ ಕೀಟನಾಶಕ ಹೊಡೆದ ಹೊಲದ ಬದುವಿನಲ್ಲಿ ಮೇಯಿಸಕೂಡದು. ಆ ಔಷಧಿಯ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಆಡಿನ ನೀರಿನ ಬಾನಿಯಾಗಿ ಮಾಡಕೂಡದು.

ಕೊಟ್ಟಿಗೆಯ ನೆಲವು ಮಳೆಗಾಲದಲ್ಲಿ ಒದ್ದೆಯಾಗಿದ್ದರೆ ಗೊರಸು ಕೊಳೆಯುವದು. ಪಿರಿಯಾಪಟ್ಟಣದ ಕಡೆ ಕೊಡಗಿನ ಮಳೆ ಹಾಯುವ ಹಳ್ಳಿಗಳಲ್ಲಿ ಇದು ಹೆಚ್ಚು. ನೆಲವನ್ನು ಎತ್ತರಿಸಿ, ಬೆಳೆದ ಗೊರಸನ್ನು ಕತ್ತರಿಸಿ, ಹತ್ತು ಪಾಲು ನೀರಿಗೆ ಒಂದು ಪಾಲು ಸತುವಿನ ಸಲ್ಫೇಟನ್ನು ಕಲಸಿದ ನೀರಿನಲ್ಲಿ ಹಿಂಡನ್ನು ನಡೆಸಿದರೆ ಗುಣವಾಗುವದು.

ಹುಟ್ಟಿದ ಮರಿಗೆ ಗಿಣ್ಣುಹಾಲನ್ನು ಮಾಸು ಬೀಳುವ ತನಕ ಕೊಡಬಾರದೆಂದು ಹಲವರು ನಂಬಿದ್ದಾರೆ. ಇದು ಮರಿಗಳನ್ನು ಕೊಲ್ಲುವ ನಂಬಿಕೆ. ತಾಯಿಗೆ ಹಾಕಿಸಿದ ಲಸಿಕೆಯ ಬಲವೆಲ್ಲಾ ಆ ಮೊದಲನೆಯ ಹಾಲಿನಲ್ಲಿದೆ, ಮತ್ತು ಮರಿಯ ಕರುಳು ಆ ಬಲವನ್ನು ಹೀರಿಕೊಳ್ಳುವ ಬಾಗಿಲು ಒಂದು ದಿನದೊಳಗೆ ಮುಚ್ಚಿಹೋಗುವದು. ಎರಡು ಕಿಲೋ ತೂಕದ ಮರಿಗೆ ಆ ದಿನದೊಳಗೆ ಸುಮಾರು 200 ಮಿಲಿಲೀಟರ್ ಹೊಟ್ಟೆಗೆ ಹೋಗಬೇಕು, ಮೊದಲನೆಯ ಕುಡಿತ ಒಂದು ಗಂಟೆಯೊಳಗೇ ಆಗಬೇಕು. ಹೊಕ್ಕುಳನ್ನು ಅಯೋಡಿನ್‌ನಲ್ಲಿ ಅದ್ದಬೇಕು. ಸೆಗಣಿ ಬೂದಿಗಳನ್ನು ಮೆತ್ತಕೂಡದು.

ರೋಗದ ಮೊದಲನೆಯ ಗುರುತು ಜ್ವರ. ಮನುಷ್ಯರಿಗೆ ಇಡುವ ಜ್ವರಮಾಪಕವೇ ಸಾಕು, ಆದರೆ ಪಶುವಿಗಾಗಿ ಬೇರೊಂದನ್ನು ಇಟ್ಟುಕೊಳ್ಳಿರಿ. ಬೆಳಿಗ್ಗೆ ನೆರಳಿನಲ್ಲಿ ಗುದದ್ವಾರದಲ್ಲಿಟ್ಟು ನೋಡಿದರೆ ಆರೋಗ್ಯವಾದ ಆಡುಕುರಿಗಳಲ್ಲಿ 102ರಿಂದ 103.5 ಡಿಗ್ರಿ ಇರುವದು. 104 ದಾಟಿದರೆ ಅದನ್ನು ಹಿಂಡಿನಿಂದ ಬೇರೆಮಾಡಿ 1962 ಎಂಬ ಸಂಖ್ಯೆಗೆ ಫೋನು ಮಾಡಿರಿ. ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಆ ಕರೆ ಹೋಗುವದು. ಜ್ವರವಿರುವ ಆಡನ್ನು ಆ ಸಾಯಂಕಾಲವೇ ಸಂತೆಗೆ ಸಾಗಿಸುವ ಯೋಚನೆ ಬರುವದು ಸಹಜ. ಬಡವನಿಗೆ ಆ ಯೋಚನೆ ಬಾರದೆ ಇರುವದೇ ಆಶ್ಚರ್ಯ. ಆದರೆ ಅದನ್ನು ಕೊಳ್ಳುವವನು ನಮ್ಮ ಹಾಗೆಯೇ ಎರಡು ಆಡುಗಳಿರುವವನು. ನಾನು ಕೊಂಡದ್ದೂ ಅಂಥದನ್ನೇ.

ಸತ್ತ ಪಶುವಿನ ವಿಷಯವನ್ನು ಹೇಳಿ ಪಾಠವನ್ನು ಮುಗಿಸುವೆನು. ಸತ್ತ ಆಡಿನ ಮಾಂಸವನ್ನು ಹಂಚಿಕೊಳ್ಳುವದು ಬಡತನದಿಂದ ಹುಟ್ಟಿದ ಪದ್ಧತಿ. ಅದನ್ನು ಹೀಯಾಳಿಸುವದಕ್ಕೆ ನನಗೆ ಮನಸ್ಸಿಲ್ಲ. ಆದರೆ ನೆರಡಿ ಎಂಬ ರೋಗವೊಂದಿದೆ. ಆಡು ದಿಢೀರನೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಹರಿಯುವದು ಅದರ ಗುರುತು. ಅಂಥ ಹೆಣವನ್ನು ಕೊಯ್ಯಲೇಕೂಡದು, ಚರ್ಮವನ್ನು ಸುಲಿಯಕೂಡದು. ಕೊಯ್ದ ಕೈಗೂ ತಿಂದ ಹೊಟ್ಟೆಗೂ ಆ ರೋಗ ಬಂದು ಮನುಷ್ಯನೇ ಸಾಯಬಹುದು, ಮತ್ತು ನೆಲಕ್ಕೆ ಬಿದ್ದ ರಕ್ತದಿಂದ ಹುಟ್ಟಿದ ಬೀಜವು ಹತ್ತಾರು ವರುಷ ಮಣ್ಣಿನಲ್ಲಿ ಬದುಕಿರುವದು. ವೈದ್ಯರಿಗೆ ತಿಳಿಸಿ, ಅವರ ಮಾತಿನಂತೆ ಸುಡಬೇಕು, ಇಲ್ಲವೆ ಆರು ಅಡಿ ಆಳದಲ್ಲಿ ಹೂಳಬೇಕು. ಬೇರೆ ರೋಗದಿಂದ ಸತ್ತದ್ದನ್ನೂ ಹಳ್ಳಕ್ಕೆ ಎಸೆಯಕೂಡದು, ಹೂಳಬೇಕು; ಹೂಳುವ ಮೊದಲು ವೈದ್ಯರಿಗೆ ತೋರಿಸಬೇಕು. ತೋರಿಸಿದರೆ ರೋಗ ಯಾವದೆಂದು ಗೊತ್ತಾಗಿ ಉಳಿದವುಗಳು ಬದುಕುವವು. ಸತ್ತ ಆಡುಕುರಿಗಳಿಗೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ದೊರೆಯುವ ಪರಿಹಾರಕ್ಕೂ ಮರಣೋತ್ತರ ಪರೀಕ್ಷೆಯ ಪತ್ರವು ಬೇಕಾಗುವದು. ಗಬ್ಬದ ಆಡು ಕಂದುಹಾಕಿದರೆ ಆ ಕಂದನ್ನೂ ಮಾಸನ್ನೂ ಬರಿಗೈಯಿಂದ ಮುಟ್ಟದೆ ಹೂಳಿರಿ. ಗರ್ಭಿಣಿಯರನ್ನು ಆ ಕೆಲಸಕ್ಕೆ ಕಳುಹಿಸಬೇಡಿರಿ. ಆ ಹಿಂಡಿನ ಹಾಲನ್ನು ಉಕ್ಕುವ ತನಕ ಕಾಯಿಸಿಯೇ ಮಕ್ಕಳಿಗೆ ಕೊಡಿರಿ.